ಮನ್ಯಾಗ ಒಂದು ಹೊಳಿ: ಗುಂಡಗಲ್ಲಿನ ಪ್ಲಾಂಟೆಡ್ ಟ್ಯಾಂಕ್ ಕಟ್ಟೋದು ಹ್ಯಾಂಗ

ಹೊಳಿ ಟ್ಯಾಂಕ್, ಅಂದ್ರ ಕಲ್ಲು, ಉಸುಕು, ನೀರಿನ ಗಿಡ ಹಾಕಿ ಹೊಳಿ ತಳದಂಗ ಮಾಡಿದ ಮೀನಿನ ಗಾಜಿನ ಟ್ಯಾಂಕ್, ಅನ್ನೋದಕ್ಕ ನನ್ನ ಲೆಕ್ಕದಾಗ ಒಂದ ಪರೀಕ್ಷೆ ಐತಿ. ಪಂಪ್ ಬಂದ್ ಮಾಡ್ರಿ, ನೀರು ಅಗದಿ ನಿಂತಿರಲಿ, ಆಗ ಮನಿಗೆ ಬಂದವ್ರನ್ನ ಯಾರನ್ನರ ಕರದು ಮುಂದ ನಿಲ್ಲಿಸಿ ಈ ನೀರು ಯಾವ ಕಡಿಂದ ಯಾವ ಕಡಿಗೆ ಹರೀತೈತಿ ಅಂತ ಕೇಳ್ರಿ. ಕಲ್ಲು ಕುಂತ ರೀತಿ, ಉಸುಕು ಸರಿದಿದ್ದು, ಗಿಡ ವಾಲಿದ್ದು ನೋಡಿ ಅವ್ರು ಬರೋಬ್ಬರಿ ಹೇಳಿದ್ರ ನಿಮ್ಮ ಟ್ಯಾಂಕ್ ಹೊಳಿ ಆಗೈತಿ. ಹೇಳಾಕ ಆಗಲಿಲ್ಲಂದ್ರ ಅದು ಕಲ್ಲು-ಗಿಡ ಹಾಕಿದ ಚೊಲೊ ಟ್ಯಾಂಕ್, ಆದ್ರ ಹೊಳಿ ಅಲ್ಲ.

ನಾ ಇರೋದು ಬಾಗಲಕೋಟಿ ನವನಗರದಾಗ, ಅಕ್ಕನ್ನ ಕೊಟ್ಟಿದ್ದು ಖಾನಾಪುರಕ್ಕ. ಬ್ಯಾಸಗಿ ಸೂಟಿಗೆ ಹೋದಾಗೆಲ್ಲಾ ಅಸೋಗಾಕ್ಕ ಹೋಗಿ ರಾಮಲಿಂಗೇಶ್ವರ ಗುಡಿ ಮಗ್ಗಲ ಮಲಪ್ರಭಾ ದಂಡಿಗೆ ಕುಂದ್ರತೀವಿ, ಒಮ್ಮೆ ನೀರು ಭಾಳ ಇಳಿದಿತ್ತು, ಹೊಳಿ ತಳ ಎಲ್ಲಾ ಬಯಲಿಗೆ ಬಿದ್ದಿತ್ತು, ಅವತ್ತ ನನಗ ಕಲ್ಲು ಓದಾಕ ಬಂತು. ಚಪ್ಪಟ್ಟಿ ಕಲ್ಲು ಒಂದರ ಮ್ಯಾಲೊಂದು ಒರಗಿ ಕುಂತಿದ್ವು, ಮನಿ ಮ್ಯಾಲ ಹಂಚು ಹೊಂದಿಸಿದಂಗ, ಬುಡ ನೀರು ಬರೋ ಕಡಿಗೆ, ತಲಿ ನೀರು ಹೋಗೋ ಕಡಿಗೆ. ದೊಡ್ಡ ಕಲ್ಲಿನ ಮುಂದಿನ ಮಗ್ಗಲದಾಗ, ಅಂದ್ರ ಸೆಳವು ಬಡಿಯೋ ಕಡೆ, ಉಸುಕು ಕಿತ್ತು ತಗ್ಗು ಬಿದ್ದಿತ್ತು, ಹಿಂದಿನ ಮಗ್ಗಲದಾಗ ಅದ ಉಸುಕು ಬಾಲದಂಗ ಉದ್ದಕ ಬಿದ್ದಿತ್ತು. ಸೆಳವು ಜೋರಿದ್ದಲ್ಲೆ ದಪ್ಪ ಕಲ್ಲು, ಸೆಳವು ಸತ್ತಲ್ಲೆ ಸಣ್ಣ ಉಸುಕು. ಟ್ಯಾಂಕಿನಾಗ ನಾವು ಮಾಡೋದು ಇಷ್ಟ, ಇದನ್ನ ಮೂರು ಫೂಟಿನಾಗ ತರೋದು. ಜಪಾನಿನ ಇವಾಗುಮಿ ಶೈಲಿ ನೋಡಿರಬಹುದು ನೀವು, ಅದರಾಗ ಚೂಪು ಕಲ್ಲು ಎದ್ದು ನಿಲ್ತಾವು, ಗುಡ್ಡದಂಗ ಕಾಣ್ತಾವು. ಹೊಳಿಯಾಗ ಹಂಗಿಲ್ಲ. ನಮ್ಮ ಅವ್ವ ನನ್ನ ಮೊದಲನೇ ಟ್ಯಾಂಕ್ ನೋಡಿ ಒಂದ ಮಾತು ಅಂದ್ಲು, "ಯಪ್ಪಾ, ಕಲ್ಲು ನಿಂತಂಗ ಕಾಣಬಾರ್ದು, ಕುಂತಂಗ ಕಾಣಬೇಕು" ಅಂತ. ಇವತ್ತಿಗೂ ಕಲ್ಲು ಜೋಡ್ಸುವಾಗ ನಾ ಅದನ್ನ ನೆನಸ್ತೀನಿ.

ಟ್ಯಾಂಕು, ಕಟ್ಟಿ, ಭಾರ

ಎತ್ತರ ಕಡಿಮಿ, ಉದ್ದ ಜಾಸ್ತಿ ಇರೋ ಟ್ಯಾಂಕ್ ತಗೋರಿ. ಹೊಳಿಗೆ ಉದ್ದ ಬೇಕು, ಎತ್ತರದ ಟ್ಯಾಂಕಿನಾಗ ಅದು ಬಾವಿ ಆಗ್ತೈತಿ. ನಾ ಹೇಳೋ ಅಳತಿ 3 ಫೂಟ್ ಉದ್ದ, ಒಂದೂಕಾಲು ಫೂಟ್ ಅಗಲ, 1 ಫೂಟ್ ಎತ್ತರ. ಒಂದು ಘನ ಅಡಿ ಅಂದ್ರ 28.3 ಲೀಟರ್, ಹಂಗ ಲೆಕ್ಕ ಹಾಕಿದ್ರ ಇದು ಸುಮಾರು 106 ಲೀಟರ್, ಆದ್ರ ಕಲ್ಲು ಉಸುಕು ಹೋಗಿ, ಮ್ಯಾಲ ಎರಡು ಬಟ್ಟು ಬಿಟ್ಟು ಖರೆ ಖರೆ ನೀರು ಹಿಡಿಯೋದು 85 ಲೀಟರಿನ ಆಜೂಬಾಜೂ. ಔಷಧ, ಗೊಬ್ಬರ, ಪಂಪು ಎಲ್ಲಾದಕ್ಕೂ ಈ 85ರ ಲೆಕ್ಕಾನ ಹಿಡೀರಿ. ಗಾಜು 8 ಮಿ.ಮೀ ಇದ್ರ ಕಲ್ಲಿನ ಟ್ಯಾಂಕಿಗೆ ಮನಸಿಗೆ ಸಮಾಧಾನ.

ಎಲ್ಲಾ ಸೇರಿ ಒಂದೂವರೆ ಕ್ವಿಂಟಲ್ ಹತ್ರ ಹೋಗ್ತೈತಿ, ಹಂಗಾಗಿ ಟೀಪಾಯಿ ಮ್ಯಾಲ ಇಡೋ ಮಾತು ಬ್ಯಾಡ. ವೆಲ್ಡಿಂಗ್ ಅಂಗಡ್ಯಾಗ ಆ್ಯಂಗಲ್ ಸ್ಟ್ಯಾಂಡ್ ಮಾಡ್ಸರಿ, ಇಲ್ಲಾ ಗೌಂಡ್ಯಾರ ಕಡಿಂದ ಕಟ್ಟಿ ಕಟ್ಟಿಸಿ ಮ್ಯಾಲ ಫರ್ಸಿ ಹಾಕ್ಸರಿ. ಗೌಂಡಿ ಬಂದಾಗ ಅವ್ರ ಲೆವೆಲ್ ಪೈಪಿಲೆ ನಾಲ್ಕೂ ಮೂಲಿ ನೋಡ್ಸಿಬಿಡ್ರಿ, ಟ್ಯಾಂಕಿನ ಕೆಳಗ ಥರ್ಮಾಕೋಲ್ ಹಾಳಿ ಹಾಸ್ರಿ. ಕಿಡಕಿ ಬಿಸಲು ನೇರ ಬೀಳೋ ಜಾಗಾ ಬ್ಯಾಡ, ಪಾಚಿನೂ ಬರ್ತೈತಿ, ನಮ್ಮ ಕಡೆ ಏಪ್ರಿಲ್ ಮೇದಾಗ ನೀರು ಕಾಯ್ತಾವು. ಹಿಂದಿನ ಗಾಜಿಗೆ ಕರೀ ಹಾಳಿ ಹಚ್ಚಿದ್ರ ಕಲ್ಲಿನ ಬಣ್ಣ ಎದ್ದು ಕಾಣ್ತೈತಿ, ನೀಲಿ ಬ್ಯಾಡ, ಸಮುದ್ರದ ಚಿತ್ರನೂ ಬ್ಯಾಡ.

ಕಲ್ಲು ಎಲ್ಲಿಂದ ತರೋದು

ಇದರ ಬಗ್ಗೆ ಸ್ವಲ್ಪ ಉದ್ದಕ ಹೇಳ್ತೀನಿ, ಯಾಕಂದ್ರ ನಮ್ಮ ಬಾಗಲಕೋಟಿ, ವಿಜಯಪುರ, ಬೆಳಗಾವಿ ಮೂರು ಜಿಲ್ಲಾದಾಗ ಕಲ್ಲು ಒಂದ ಥರ ಇಲ್ಲ, ಊರು ಬದಲಾದಂಗ ಬದಲಾಗ್ತೈತಿ.

ಮೊದಲನೇ ಮಾತು, ಹೊಳಿಗೆ ಹೋಗಿ ಚೀಲ ತುಂಬ್ಕೊಂಡು ಬರಬ್ಯಾಡ್ರಿ. ಹೊಳಿ ಕಲ್ಲಿನ ಕೆಳಗ ಮೀನಿನ ತತ್ತಿ, ಹುಳ, ಸಣ್ಣ ಏಡಿ ಇರ್ತಾವು, ಒಂದು ಕಲ್ಲು ಎತ್ತಿದ್ರ ಒಂದು ಮನಿ ಎತ್ತಿದಂಗ. ಖಾನಾಪುರ ಕಡೆ ಭೀಮಗಡ ವನ್ಯಜೀವಿ ಧಾಮದ ಒಳಗಂತೂ ಒಂದು ಹಳ್ಳೂ ಮುಟ್ಟಾಂಗಿಲ್ಲ. ಅದಕ್ಕಿಂತ ಚೊಲೊ ಜಾಗಾ ನಿಮ್ಮ ಓಣ್ಯಾಗ ಐತಿ. ಎಲ್ಲೆರ ಮನಿ ಕಟ್ಟಾಕತ್ತಿದ್ರ, ಪ್ಲಾಸ್ಟರಿಗೆ ಹೊಳಿ ಉಸುಕು ಸೋಸ್ತಿದ್ರ, ಜಾಳಗಿ ಮುಂದ ಬಿದ್ದ ಗುಂಪಿ ನೋಡ್ರಿ, ಅಲ್ಲೆ ಉಳದಿದ್ದೆಲ್ಲಾ ಹೊಳಿ ತಿಕ್ಕಿ ತಿಕ್ಕಿ ನುಣ್ಣಗ ಮಾಡಿದ ಹಳ್ಳು, ಕಡ್ಲಿ ಗಾತ್ರದಿಂದ ನಿಂಬಿಹಣ್ಣಿನ ಗಾತ್ರದ ಮಟ. ಅವ್ರಿಗೆ ಅದು ಬ್ಯಾಡಾದ ಕಸ, ಕೇಳಿದ್ರ ಪುಗಸಟ್ಟೆ ಕೊಡ್ತಾರ. ಈಗ ಎಂ-ಸ್ಯಾಂಡ್ ಬಂದಮ್ಯಾಲ ಹೊಳಿ ಉಸುಕು ಕಡಿಮಿ ಆಗೈತಿ, ಎಂ-ಸ್ಯಾಂಡ್ ನಮಗ ನಡಿಯೂದಿಲ್ಲ, ಅದು ಮಷೀನಿನಾಗ ಒಡದ ಕಲ್ಲಿನ ಪುಡಿ, ಚೂಪಿರ್ತೈತಿ, ನೋಡಿದ ಕೂಡ್ಲೆ ಹೊಳಿದಲ್ಲ ಅಂತ ತಿಳೀತೈತಿ. ದೊಡ್ಡ ಗುಂಡಗಲ್ಲು ಬೇಕಂದ್ರ ಗಾರ್ಡನ್ ಸಾಮಾನು ಮಾರೋ ಅಂಗಡ್ಯಾಗ ಸಿಗ್ತಾವು, ಆದ್ರ ಪಾಲಿಶ್ ಹಚ್ಚಿ ಮಿಂಚೋವು ಬ್ಯಾಡ, ಬಣ್ಣ ಬಳದ ಬಿಳೀ ಕಲ್ಲೂ ಬ್ಯಾಡ.

ಇನ್ನ ಕಲ್ಲಿನ ಜಾತಿ. ವಿಜಯಪುರದಾಗ, ಬೆಳಗಾವಿ ಭಾಳ ಕಡೆ ಇರೋದು ಕರೀಕಲ್ಲು, ಬಸಾಲ್ಟ್, ಹಳೇ ಜ್ವಾಲಾಮುಖಿ ಲಾವಾ ಆರಿ ಆದದ್ದು, ಟ್ಯಾಂಕಿಗೆ ಚೊಲೊ. ಆದ್ರ ಕೆಲವು ಕರೀಕಲ್ಲಿನ ತೂತಿನಾಗ ಬಿಳೀ ಹರಳು ತುಂಬಿರ್ತಾವು, ಆ ಬಿಳೀದು ಒಮ್ಮೊಮ್ಮೆ ಸುಣ್ಣದ ಅಂಶ ಇರ್ತೈತಿ. ಗೋಕಾಕ ಕಡೆ ಫಾಲ್ಸಿನ ಬಂಡಿ ಇದ್ದಂಥ ಗಟ್ಟಿ ಉಸುಕುಗಲ್ಲು, ಬಾದಾಮಿ ಕಡೆ ಕೆಂಪು ಉಸುಕುಗಲ್ಲು, ಇಳಕಲ್ಲ ಕೆಂಪು ಗ್ರ್ಯಾನೈಟ್, ಬೆಣಚುಕಲ್ಲು ಇವೂ ನೀರಿಗೆ ಏನೂ ಬಿಡೂದಿಲ್ಲ, ಬಾದಾಮಿ ಕಲ್ಲಿನಾಗ ಮಾತ್ರ ಕೈಯಾಗ ತಿಕ್ಕಿದ್ರ ಉದರೋದು ಬ್ಯಾಡ, ಗಟ್ಟಿದ ಆರಿಸ್ಕೋರಿ. ಖಾನಾಪುರ ಕಡೆ ಮನಿ ಕಟ್ಟೋ ಕೆಂಪು ಜಂಬಿಟ್ಟಿಗೆ ಕಲ್ಲು ಬ್ಯಾಡ, ಕೆಂಪು ಪುಡಿ ಬಿಟ್ಟು ನೀರು ರಾಡಿ ಆಗ್ತೈತಿ. ತ್ರಾಸ ಇರೋದು ನಮ್ಮ ಬಾಗಲಕೋಟಿ, ಕಲಾದಗಿ, ಲೋಕಾಪುರ, ಮುಧೋಳ ಪಟ್ಟಿದಾಗ. ಇಲ್ಲೆಲ್ಲಾ ಸುಣ್ಣದ ಕಲ್ಲು, ಡೋಲೊಮೈಟ್ ಭಾಳ, ಸಿಮೆಂಟ್ ಫ್ಯಾಕ್ಟರಿ ಬಂದಿದ್ದ ಆ ಕಲ್ಲಿನ ಸಲುವಾಗಿ.

ಪರೀಕ್ಷೆ ಸುಲಭ ಐತಿ. ಕಲ್ಲು ತೊಳದು ಒಣಗಿಸಿ ಮ್ಯಾಲ ನಿಂಬಿಹಣ್ಣಿನ ರಸ ಇಲ್ಲಾ ವಿನೆಗರ್ ಹನಿಸ್ರಿ, ಗುಳ್ಳಿ ಎದ್ರ ಸುಣ್ಣ ಐತಿ ಅಂತ. ಇವೆರಡೂ ಸೌಮ್ಯ ಹುಳಿ, ಕೆಲವು ಕಲ್ಲಿಗೆ ತಾಕೂದಿಲ್ಲ, ಟಾಯ್ಲೆಟ್ ತೊಳಿಯೋ ಆ್ಯಸಿಡ್ ಎರಡು ಹನಿ ಹಾಕಿದ್ರ ಖಚಿತ ಗೊತ್ತಾಗ್ತೈತಿ. ಅದನ್ನ ಮನಿ ಹೊರಗ, ಕೈಗೆ ಗ್ಲೌಸ್ ಹಾಕ್ಕೊಂಡು, ಹುಡುಗ್ರನ್ನ ದೂರ ಇಟ್ಟ ಮಾಡ್ರಿ, ಆಮ್ಯಾಲ ಕಲ್ಲು ಭಾಳ ನೀರಿನಾಗ ತೊಳೀರಿ. ಡೋಲೊಮೈಟ್ ಇದ್ರ ಗುಳ್ಳಿ ಸಾವಕಾಶ ಬರ್ತಾವು, ಮೊಳಿಲೆ ಗೀರಿ ಪುಡಿ ತಗದು ಆ ಪುಡಿ ಮ್ಯಾಲ ಹನಿಸಿದ್ರ ಕಾಣ್ತೈತಿ.

ನಾ ಇದನ್ನ ಕಲಿತದ್ದು ನುಕಸಾನ ಆದಮ್ಯಾಲ. ಲೋಕಾಪುರ ಕಡೆ ಗೆಳೆಯನ ಹೊಲದಾಗ ಬೂದಿ ಬಣ್ಣದ, ಬಿಳೀ ಪಟ್ಟಿ ಇದ್ದ ಕಲ್ಲು ಸಿಕ್ಕಿದ್ವು, ಕಣ್ಣಿಗೆ ಹಬ್ಬ ಆಗಿತ್ತು, ತಂದು ಟ್ಯಾಂಕಿಗೆ ಇಟ್ಟೆ. ರೋಟಾಲಾ ಮ್ಯಾಕ್ರಾಂಡ್ರಾ ಬೆಳಸೋ ಆಸೆಗೆ ಆರ್‌ಓ ನೀರು ತುಂಬಿದ್ದೆ, ಆ ಗಿಡಕ್ಕ ಮೆತ್ತನ್ನ ನೀರು ಬೇಕು. ಕಲ್ಲು ಸಾವಕಾಶ ಕರಗಿ ನೀರು ಗಡಸಾಗಿ, ರೋಟಾಲಾದ ತುದಿ ಮುದುಡಿ ಒಂದೊಂದ ಎಲಿ ಉದುರಿ ಎಲ್ಲಾ ಹೋದ್ವು, ಭಾಳ ಬ್ಯಾಸರಾತು. ಇಲ್ಲೆ ಒಂದು ಸೂಕ್ಷ್ಮ ಐತಿ, ಅದನ್ನ ಬಿಡಿಸಿ ಹೇಳ್ಬೇಕು. ನಿಮ್ಮ ಬೋರ್ ನೀರು ಮೊದಲ ಗಡಸು ಇದ್ರ, ಬಕೀಟಿಗೆ ಗೀಝರಿಗೆ ಬಿಳೀ ಪದರ ಕಟ್ಟೋಹಂಗಿದ್ರ, ಆ ನೀರಿನಾಗ ಸುಣ್ಣದ ಕಲ್ಲು ಜಾಸ್ತಿ ಕರಗೂದ ಇಲ್ಲ, ನೀರಿನಾಗ ಸುಣ್ಣ ಮೊದಲ ತುಂಬಿರ್ತೈತಿ. ಮಳಿನೀರು, ಆರ್‌ಓ ನೀರು, ಇಲ್ಲಾ ಗಿಡದ ಸಲುವಾಗಿ ಸಿಓಟು, ಅಂದ್ರ ಕಾರ್ಬನ್ ಡೈಆಕ್ಸೈಡ್ ಗ್ಯಾಸ್, ಬಿಟ್ಟು ಹುಳಿ ಮಾಡಿದ ನೀರಿನಾಗ ಕರಗ್ತೈತಿ. ಅಂದ್ರ ನೀರು ಯಾವುದು ಅಂತ ನೋಡಿ ಕಲ್ಲು, ಕಲ್ಲು ಯಾವುದು ಅಂತ ನೋಡಿ ಗಿಡ.

ತಂದ ಕಲ್ಲು ಬ್ರಶ್‌ಲೆ ತಿಕ್ಕಿ ತೊಳೀರಿ, ಸಾಬಾಣ ಬ್ಯಾಡ. ಕುದಿಯೋ ನೀರಿನಾಗ ಹಾಕಿ ಕುದಸಬ್ಯಾಡ್ರಿ, ಕಲ್ಲಿನ ಒಳಗ ನೀರು ಸಿಕ್ಕಿದ್ರ ಸಿಡದು ಒಡಿಯೋ ಸಾಧ್ಯತೆ ಐತಿ, ಮ್ಯಾಲಿಂದ ಬಿಸಿನೀರು ಸುರುವಿದ್ರ ಸಾಕು. ಒಟ್ಟು 20-25 ಕೆಜಿ ಬೇಕಾಗ್ತೈತಿ, ಎಲ್ಲಾ ಒಂದ ಜಾತಿದು ಇರಲಿ, ಗಾತ್ರ ಮಾತ್ರ ಬ್ಯಾರೆ ಬ್ಯಾರೆ. ತೆಂಗಿನಕಾಯಿಗಿಂತ ದೊಡ್ಡದು ಒಂದು, ಮುಷ್ಟಿ ಗಾತ್ರದವು ಆರೇಳು, ನಿಂಬಿಹಣ್ಣಿನವು ಹಿಡಿ ತುಂಬ, ಕಡ್ಲಿ ಶೇಂಗಾ ಗಾತ್ರದವು ಒಂದು ಬುಟ್ಟಿ. ಮಂದಿ ತಪ್ಪೋದು ಇಲ್ಲೆನ, ಎಲ್ಲಾ ಮಾವಿನಹಣ್ಣಿನ ಗಾತ್ರದವ ತರ್ತಾರ, ಆಮ್ಯಾಲ ಎಷ್ಟ ಜೋಡ್ಸಿದ್ರೂ ಸಂತಿಯಾಗ ಹಣ್ಣು ಒಟ್ಟಿದಂಗ ಕಾಣ್ತೈತಿ.

ಸೆಳವು

ಈಗ ಕಲ್ಲು ಇಡೂಕಿಂತ ಮೊದಲ ನೀರು ಎಲ್ಲಿಂದ ಬರ್ತೈತಿ ಅಂತ ನಕ್ಕಿ ಮಾಡ್ರಿ. ಎಡಗಡೆ ಸಣ್ಣ ಗಾಜಿಗೆ ಪಂಪಿನ ಬಾಯಿ ಅಂದ್ಕೋರಿ, ನೀರು ಎಡದಿಂದ ಬಲಕ್ಕ. ಸಾಮಾನ್ಯ ಟ್ಯಾಂಕಿಗೆ ತಾಸಿಗೆ ನೀರಿನ 4-6 ಪಟ್ಟು ತಿರುಗಿದ್ರ ಸಾಕು, ಹೊಳಿ ಟ್ಯಾಂಕಿಗೆ 8-10 ಪಟ್ಟು ಬೇಕು, ನಮ್ಮ 85 ಲೀಟರಿಗೆ ತಾಸಿಗೆ 700ರಿಂದ 850 ಲೀಟರ್. ಡಬ್ಬಿ ಮ್ಯಾಲ ಬರದಿದ್ದು ಸ್ಪಂಜು ಹಾಕದಾಗಿನ ಲೆಕ್ಕ, ಖರೆ ಅಷ್ಟ ಬರೂದಿಲ್ಲ, ಅದಕ್ಕ 1000-1200 ಬರದ ಪಂಪ್ ತಗೋರಿ. ಹಗರ ಆಗಬೇಕಂದ್ರ ಟ್ಯಾಂಕಿನ ಅಂಚಿಗೆ ತೂಗುಹಾಕೋ ಒಂದು ಹ್ಯಾಂಗ್-ಆನ್ ಫಿಲ್ಟರ್, ಜೊತಿಗೆ ನೀರಿನಾಗ ಮುಳುಗಿಸಿ ನೀರು ದೂಡೋ ಒಂದು ಸಣ್ಣ ಪವರ್‌ಹೆಡ್, ಎರಡರ ಮುಖಾನೂ ಒಂದ ದಿಕ್ಕಿಗೆ. ಎದುರಾಬದುರು ಇಟ್ರ ನೀರು ಸುಳಿ ಆಗ್ತೈತಿ, ಹರಿವು ಆಗೂದಿಲ್ಲ. ನೀರು ಎಳಕೊಳ್ಳೋ ಬಾಯಿಗೆ ಸ್ಪಂಜು ಕಟ್ರಿ, ಇಲ್ಲಂದ್ರ ಉಸುಕು ಹೋಗಿ ಪಂಪ್ ಹಾಳಾಗ್ತೈತಿ.

ಕಲ್ಲು ಜೋಡ್ಸೋದು

ಟ್ಯಾಂಕಿನಾಗ ಜೋಡ್ಸೂಕಿಂತ ಮೊದಲ ಮಾಳಗಿ ಮ್ಯಾಲ ಉಸುಕಿನಾಗ 3 ಫೂಟ್, ಒಂದೂಕಾಲು ಫೂಟಿನ ಚೌಕಟ್ಟು ಗೀರ್ಕೊಂಡು ಅಲ್ಲೆ ಜೋಡ್ಸಿ ನೋಡ್ರಿ. ಕುಂತು ನೋಡ್ರಿ, ಎದ್ದು ನೋಡ್ರಿ, ಮೊಬೈಲಿನಾಗ ಫೋಟೊ ತಗದು ನೋಡ್ರಿ, ಫೋಟೊದಾಗ ತಪ್ಪು ಲಗೂ ಕಾಣ್ತಾವು. ನಾ ಒಂದು ವಾರ ಹಿಂಗ ಬಿಡ್ತೀನಿ, ಮುಂಜಾನೆ ಚಾ ಕುಡಿಯುವಾಗ ಒಂದು ಕಲ್ಲು ಸರಸೋದು, ಸಂಜಿಮುಂದ ಇನ್ನೊಂದು.

ಟ್ಯಾಂಕಿನ ತಳಕ್ಕ ತೆಳು ಫೋಮ್ ಹಾಳಿ ಹಾಕಿ ಅದರ ಮ್ಯಾಲ ದೊಡ್ಡ ಕಲ್ಲು ನೇರ ಕುಂದ್ರಸ್ರಿ, ಉಸುಕು ಆಮ್ಯಾಲ. ಮೊದಲ ಉಸುಕು ಹಾಕಿ ಮ್ಯಾಲ ಕಲ್ಲಿಟ್ರ ಒಂದಿನ ಮೀನು ತೋಡಿ, ಇಲ್ಲಾ ಸೆಳವು ತೋಡಿ ಕಲ್ಲು ಜಾರಿ ಗಾಜಿಗೆ ಬಡೀತೈತಿ. ದೊಡ್ಡ ಕಲ್ಲು ನಟ್ಟನಡುವ ಬ್ಯಾಡ, ನೀರು ಬರೋ ಕಡಿಂದ ಮೂರನೇ ಒಂದು ಪಾಲಿನಷ್ಟು ದೂರದಾಗ, ಸ್ವಲ್ಪ ಹಿಂದಕ್ಕ ಇರಲಿ. ಅದರ ಮೂರನೇ ಒಂದು ಭಾಗ ಉಸುಕಿನಾಗ ಹೂತು ಹೋಗಬೇಕು, ಆಗ ಕುಂತಂಗ ಕಾಣ್ತೈತಿ. ಆಮ್ಯಾಲ ಮುಷ್ಟಿ ಗಾತ್ರದವು. ಇವನ್ನ ಹೊಳಿ ಇಟ್ಟಂಗ ಇಡ್ರಿ, ಚಪ್ಪಟ್ಟಿ ಇದ್ರ ಬುಡ ಎಡಕ್ಕ, ಅಂದ್ರ ನೀರು ಬರೋ ಕಡಿಗೆ, ತಲಿ ಬಲಕ್ಕ ಒರಗಿಸಿ, ಒಂದರ ಬೆನ್ನಿಗೆ ಇನ್ನೊಂದು. ಎರಡು ಮೂರು ಕಲ್ಲು ದೊಡ್ಡ ಕಲ್ಲಿಗೆ ಹತ್ತಿರ ಇರಲಿ, ಹೊಳ್ಯಾಗ ದೊಡ್ಡ ಕಲ್ಲು ಸಣ್ಣವನ್ನ ತಡದು ನಿಲ್ಲಿಸಿರ್ತೈತಿ, ಒಂದೆರಡು ಮಾತ್ರ ತಪ್ಪಿಸ್ಕೊಂಡು ದೂರ ಹೋದಂಗ ಬಲಗಡೆ ಇರಲಿ. ಕಲ್ಲು ಕಲ್ಲಿನ ನಡುವಿನ ಸಂದಿಗೆ ನಿಂಬಿಹಣ್ಣಿನವು, ಅವುಗಳ ಸಂದಿಗೆ ಕಡ್ಲಿ ಗಾತ್ರದವು. ಈ ಸಣ್ಣ ಹಳ್ಳುಗಳ ಇಡೀ ಟ್ಯಾಂಕಿಗೆ ಜೀವ ಕೊಡೋವು. ದೊಡ್ಡ ಕಲ್ಲಿನಿಂದ ಒಮ್ಮೆಲೆ ಉಸುಕಿಗೆ ಹೋದ್ರ ಕಣ್ಣಿಗೆ ಚುಚ್ಚತೈತಿ, ನಡುವ ಮೆಟ್ಟಲದಂಗ ಗಾತ್ರ ಇಳೀತಾ ಹೋಗಬೇಕು.

ಉಸುಕು ಸುಮಾರು 15 ಕೆಜಿ, 3 ಸೆಂ.ಮೀ ದಪ್ಪ. ಹೊಳಿ ಉಸುಕು ಸಾಣಿಗ್ಯಾಗ ಸಾಣಿಸಿ, ಹಿಟ್ಟಿನಂಥ ಪುಡಿ ಹೋಗೋಮಟ ಬಕೀಟಿನಾಗ ತೊಳೀರಿ, ಹತ್ತು ಹದಿನೈದು ಬಕೀಟು ನೀರು ಹಿಡೀತೈತಿ, ನಡುವ ಬ್ಯಾಸರ ಮಾಡ್ಕೊಂಡು ಬಿಟ್ರ ಟ್ಯಾಂಕ್ ವಾರಗಟ್ಟಲೆ ಮಜ್ಜಿಗಿ ಬಣ್ಣ ಇರ್ತೈತಿ. ಆ ತೊಳದ ನೀರು ಗಿಡಕ್ಕ ಹಾಕ್ರಿ. ಪಂಪಿನ ಬಾಯಿ ಮುಂದ ಉಸುಕು ನಿಲ್ಲೂದಿಲ್ಲ, ಅಲ್ಲೆ ಹಳ್ಳು ಹಾಸ್ರಿ. ದೊಡ್ಡ ಕಲ್ಲಿನ ಎಡಕ್ಕ ಬೆರಳಿಲೆ ಸ್ವಲ್ಪ ತಗ್ಗು ತಗೀರಿ, ಬಲಕ್ಕ ಉಸುಕು ಗುಂಪಿ ಮಾಡಿ ಬಾಲದಂಗ ತೆಳ್ಳಗ ಎಳೀರಿ, ಅಸೋಗಾದಾಗ ನಾ ಕಂಡದ್ದು ಅದ. ಪಂಪ್ ಸುರು ಮಾಡಿ ಎರಡು ದಿನ ಬಿಟ್ರ ನೀರ ಅದನ್ನ ಇನ್ನೂ ಚಂದ ತಿದ್ದತೈತಿ, ನೀವು ಮಾಡಿದ್ದು ಎಲ್ಲೆ ತಪ್ಪೈತಿ ಅಂತ ನೀರ ತೋರಸ್ತೈತಿ, ಅದನ್ನ ಮತ್ತ ಸರಿ ಮಾಡಾಕ ಹೋಗಬ್ಯಾಡ್ರಿ.

ಗಿಡ ಹಚ್ಚೋದು

ನಮ್ಮ ಗಡಸು ನೀರಿಗೆ ಎದಿಗುಂದೋದು ಬ್ಯಾಡ. ವ್ಯಾಲಿಸ್ನೇರಿಯಾ ಮತ್ತ ಹೈಡ್ರಿಲ್ಲಾ ಎರಡೂ ನೀರಿನಾಗಿನ ಬೈಕಾರ್ಬೋನೇಟಿನಿಂದನ ಇಂಗಾಲ ತಗೋತಾವು, ಅಂದ್ರ ಮಂದಿ ಶಾಪ ಅನ್ನೋ ಬೋರ್ ನೀರು ಇವಕ್ಕ ಊಟ. ಎರಡೂ ನಮ್ಮ ದೇಶದ ನೀರಿನ ಗಿಡಾನೂ ಹೌದು. ಹೊಳಿ ಟ್ಯಾಂಕಿಗೆ ವ್ಯಾಲಿಸ್ನೇರಿಯಾದಂಥಾ ಗಿಡ ಇಲ್ಲ, ಉದ್ದನ ಪಟ್ಟಿ ಎಲಿ ಸೆಳವಿಗೆ ಬಳಕಿ ಒಂದ ದಿಕ್ಕಿಗೆ ವಾಲ್ತಾವು, ನೋಡಿದ ಕೂಡ್ಲೆ ಹರಿವು ಕಾಣ್ತೈತಿ. ಹಿಂದಿನ ಬಲ ಮೂಲಿಗೆ ಎಂಟ್ಹತ್ತು ಗಿಡ ಹಚ್ರಿ. ಬೇರು ಮಾತ್ರ ಹೂಳ್ರಿ, ಎಲಿ ಹುಟ್ಟೋ ಬುಡ ಉಸುಕಿನ ಮ್ಯಾಲ ಇರಲಿ, ಅದು ಹೂತ್ರ ಕೊಳೀತೈತಿ.

ಕಲ್ಲಿನ ಮ್ಯಾಲ ಅನುಬಿಯಾಸ್ ಮತ್ತ ಜಾವಾ ಫರ್ನ್. ಇವಕ್ಕ ಮಣ್ಣು ಬ್ಯಾಡ, ಕಲ್ಲಿಗೆ ಹತ್ತಿ ಬೆಳೀತಾವು, ಗಡಸು ನೀರು ತಡೀತಾವು, ಬೆಳಕೂ ಕಡಿಮಿ ಸಾಕು. ಹತ್ತಿ ದಾರದಿಂದ ಕಟ್ರಿ, ಇಲ್ಲಾ ಫೆವಿಕ್ವಿಕ್ ಒಂದು ಹನಿ ಒಣ ಕಲ್ಲಿಗೆ ಹಾಕಿ ಬೇರು ಅಂಟಿಸ್ರಿ, ಒಣಗಿದ ಮ್ಯಾಲ ಮೀನಿಗೆ ಏನೂ ಆಗೂದಿಲ್ಲ. ಹಚ್ಚೋ ಜಾಗಾ ಮುಖ್ಯ. ಹೊಳ್ಯಾಗ ಗಿಡ ಎಲ್ಲೆ ಹುಟ್ತಾವು? ಸೆಳವು ನೇರ ಬಡಿಯೋ ಮುಖದ ಮ್ಯಾಲಲ್ಲ, ಕಲ್ಲಿನ ಹಿಂದ, ಸಂದ್ಯಾಗ, ಕಸರು ನಿಂತಲ್ಲೆ. ಅದಕ್ಕ ಕಲ್ಲಿನ ಬಲ ಮಗ್ಗಲದಾಗ, ಎರಡು ಕಲ್ಲು ಕೂಡೋ ಸಂದ್ಯಾಗ ಹಚ್ರಿ. ಎಡ ಮುಖ ಬರೇ ಕಲ್ಲು ಇರಲಿ. ಕಲ್ಲು ಪೂರಾ ಮುಚ್ಚೋಹಂಗ ಗಿಡ ಹಚ್ಚೋದು ನನಗ ಸೇರೂದಿಲ್ಲ, ಇಡೀ ಟ್ಯಾಂಕಿನ ಅರ್ಧದಷ್ಟು ತಳ ಬಯಲಿದ್ರ ಹೊಳಿ ಅನಸ್ತೈತಿ.

ಉಸುಕಿನ ಬಾಲದಾಗ ಮುಂದ ಕ್ರಿಪ್ಟೊಕೊರಿನ್ ವೆಂಡ್ಟಿ ಮೂರು ನಾಲ್ಕು ಹಚ್ರಿ, ಶ್ರೀಲಂಕಾದ ಗಿಡ ಅದು. ಹಚ್ಚಿದ ಒಂದೆರಡು ವಾರಕ್ಕ ಅದರ ಎಲಿ ಎಲ್ಲಾ ಕರಗಿದಂಗ ಆಗಿ ಹೋಗಬಹುದು, ಗಾಬರಿಯಾಗಿ ಕಿತ್ತು ಒಗೀಬ್ಯಾಡ್ರಿ, ಬೇರು ಜೀವ ಇರ್ತೈತಿ, ಹೊಸಾ ನೀರಿಗೆ ಒಗ್ಗಿದ ಎಲಿ ಮತ್ತ ಬರ್ತಾವು. ತೊಳದ ಉಸುಕಿನಾಗ ಸತ್ವ ಇರೂದಿಲ್ಲ, ವ್ಯಾಲಿಸ್ನೇರಿಯಾ ಮತ್ತ ಕ್ರಿಪ್ಟದ ಬುಡಕ್ಕ ರೂಟ್ ಟ್ಯಾಬ್, ಅಂದ್ರ ನೀರಿನ ಗಿಡದ ಗೊಬ್ಬರದ ಗುಳಿಗಿ, ಹೂಳ್ರಿ. ಹೊಲದ ಗೊಬ್ಬರ, ಯೂರಿಯಾ ತಪ್ಪಿನೂ ಬ್ಯಾಡ, ಅಮೋನಿಯಾ ಆಗಿ ಮೀನು ಸಾಯ್ತಾವು. ಸಿಓಟು ಸಿಲಿಂಡರ್ ಇಲ್ಲದ ಇವಿಷ್ಟೂ ಬೆಳೀತಾವು. ಎಲ್ಇಡಿ ಲೈಟ್ ಮೊದಲ ತಿಂಗಳು ದಿನಾ 6 ತಾಸು ಸಾಕು, ಟೈಮರ್ ಹಚ್ರಿ.

ನೀರು ತುಂಬೋದು, ಕಾಯೋದು

ಕಲ್ಲಿನ ಮ್ಯಾಲ ಒಂದು ತಾಟು ಇಟ್ಟು ಅದರ ಮ್ಯಾಲ ನೀರು ಬಿಡ್ರಿ, ಉಸುಕು ಏಳೂದಿಲ್ಲ. ನಳದ ನೀರಾದ್ರ ಕ್ಲೋರಿನ್ ಇರ್ತೈತಿ, ಅಂಗಡ್ಯಾಗ ಆ್ಯಂಟಿ ಕ್ಲೋರಿನ್ ಅಂತ ಸಿಗೋದು ಹಾಕ್ರಿ, ಇಲ್ಲಾ ಒಂದು ದಿನ ಬಾಯಿ ತೆರದ ಡ್ರಮ್ಮಿನಾಗ ಇಟ್ಟ ಹಾಕ್ರಿ.

ಈಗ ಮೀನು ತರೋ ಅವಸರ ಬ್ಯಾಡ, 4ರಿಂದ 6 ವಾರ ಬೇಕು. ಮೀನಿನ ಹೇಲು, ಉಳದ ಊಟ ಕೊಳತು ಅಮೋನಿಯಾ ಆಗ್ತೈತಿ, ಒಂದು ಜಾತಿ ಬ್ಯಾಕ್ಟೀರಿಯಾ ಅದನ್ನ ನೈಟ್ರೈಟ್ ಮಾಡ್ತೈತಿ, ಅದೂ ವಿಷ, ಇನ್ನೊಂದು ಜಾತಿ ಅದನ್ನ ನೈಟ್ರೇಟ್ ಮಾಡ್ತೈತಿ, ಅದನ್ನ ಗಿಡ ತಿಂತಾವು. ಈ ಬ್ಯಾಕ್ಟೀರಿಯಾ ಸ್ಪಂಜಿನಾಗ, ಕಲ್ಲಿನ ಮ್ಯಾಲ ಊರಾಕ ಟೈಮ್ ಬೇಕು. ಎರಡು ದಿನಕ್ಕೊಮ್ಮೆ ಚಿಟಿಕಿ ಮೀನಿನ ಊಟ ಹಾಕ್ಕೊಂತ ಹೋಗ್ರಿ, ಟೆಸ್ಟ್ ಕಿಟ್‌ನಾಗ ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನಿ ಬಂದಮ್ಯಾಲ ಮೀನು. ಗೆಳೆಯಾರ ಹಳೇ ಟ್ಯಾಂಕಿನ ಸ್ಪಂಜು ಹಿಂಡಿ ಹಾಕಿದ್ರ ಲಗೂ ಆಗ್ತೈತಿ. ಈ ನಡುವ ಕಲ್ಲಿನ ಮ್ಯಾಲ ಕಂದು ಪುಡಿ ಹಿಡಿತೈತಿ, ಹೊಸಾ ಟ್ಯಾಂಕಿಗೆ ಬರೋದ ಅದು, ತಾನ ಹೋಗ್ತೈತಿ. ಆಮ್ಯಾಲ ಬರೋ ತೆಳು ಹಸರು ಪದರ ಮುಂದಿನ ಗಾಜಿನದಷ್ಟ ತಗೀರಿ, ಕಲ್ಲಿನ ಮ್ಯಾಲಿಂದ ಬಿಡ್ರಿ. ಹೊಳಿ ಕಲ್ಲು ಖಾಲಿ ಇರೂದಿಲ್ಲ, ಕೈಯಾಡಿಸಿದ್ರ ಜಾರತೈತಿ, ಆ ಪದರ ಬಂದಾಗ ನನಗ ಟ್ಯಾಂಕ್ ಖರೆ ಆತು ಅನಸ್ತೈತಿ.

ಮೀನು

ಜೀಬ್ರಾ ಡಾನಿಯೊ 10-12. ಇಷ್ಟ ಸಾಕು, ಬ್ಯಾರೆ ಏನೂ ಬ್ಯಾಡ ಅಂತನ ನನ್ನ ಅಭಿಪ್ರಾಯ. ನಮ್ಮ ದೇಶದ ಮೀನು, 1822ರಲ್ಲಿ ಫ್ರಾನ್ಸಿಸ್ ಹ್ಯಾಮಿಲ್ಟನ್ ಅನ್ನೋ ಶಾಸ್ತ್ರಜ್ಞ ಗಂಗಾ ಕಣಿವಿ ಮೀನುಗಳ ನಡುವ ಇದನ್ನ ದಾಖಲೆ ಮಾಡಿದ್ರು. ಗಡಸು ನೀರು ನಡೀತೈತಿ, ಬೆಳಗಾವಿ ಚಳಿಗೆ ಹೀಟರ್ ಕೇಳೂದಿಲ್ಲ, ಸೆಳವಿಗೆ ಎದುರಾಗಿ ಸಾಲು ಹಿಡದು ಈಜತಾವು. ಹತ್ತು ಮೀನಿನ ಮುಖ ಒಂದ ದಿಕ್ಕಿಗೆ ನಿಂತದ್ದು ನೋಡಿದ್ರ ಹರಿವು ಯಾವ ಕಡಿಂದ ಅಂತ ಮತ್ತ ಕೇಳೋ ಕೆಲಸ ಇಲ್ಲ. ಜಿಗೀತಾವು, ಮ್ಯಾಲ ಸೊಳ್ಳಿ ಜಾಳಗಿ ಚೌಕಟ್ಟಿಗೆ ಹೊಡದು ಮುಚ್ರಿ.

ಅಂಗಡ್ಯಾಗ ಜೀಬ್ರಾ ಲೋಚ್ ಅಂತ ಪಟ್ಟಿ ಪಟ್ಟಿ ಮೀನು ತೋರಸ್ತಾರ, ಭಾಳ ಚಂದ ಐತಿ, ಕಲ್ಲಿನ ಟ್ಯಾಂಕಿಗೆ ಹೇಳಿ ಮಾಡ್ಸಿದಂಗ. ಅದರ ಶಾಸ್ತ್ರೀಯ ಹೆಸರು ಬೋಟಿಯಾ ಸ್ಟ್ರಯಾಟಾ, 1920ರಲ್ಲಿ ಅದನ್ನ ಮೊದಲ ಬಣ್ಣಿಸಿದವ್ರು ಬೆಂಗಳೂರು ಸೆಂಟ್ರಲ್ ಕಾಲೇಜಿನ ಪ್ರಾಧ್ಯಾಪಕ ಸಿ. ಆರ್. ನಾರಾಯಣ ರಾವ್. ನಮ್ಮ ಪಶ್ಚಿಮಘಟ್ಟದ ಹೊಳಿಗಳನ್ನ ಬಿಟ್ರ ಜಗತ್ತಿನಾಗ ಬ್ಯಾರೆ ಕಡೆ ಇಲ್ಲ, ಐಯುಸಿಎನ್ ಅನ್ನೋ ಜಾಗತಿಕ ಸಂಸ್ಥೆಯ ಕೆಂಪು ಪಟ್ಟಿದಾಗ ಅಳಿವಿನ ಅಂಚಿನ ಜಾತಿ ಅಂತ ಐತಿ. ನಮ್ಮ ಹೊಳ್ಯಾಗ ಕಡಿಮಿ ಆಗಾಕತ್ತಿರೋ ಮೀನು ಹಿಡಸಿ ತಂದು ಮನ್ಯಾಗ ಹೊಳಿ ಮಾಡೋದು ನನಗ ಆಗೂದಿಲ್ಲ, ನೀವೂ ಬಿಡ್ರಿ ಅಂತ ಕೈಮುಗದು ಕೇಳ್ತೀನಿ. ಪಾಚಿ ತಿಂತೈತಿ ಅಂತ ಸಕ್ಕರ್ ಫಿಶ್ ಕೊಟ್ರೂ ಬ್ಯಾಡ ಅನ್ರಿ. ಒಂದು ಫೂಟ್ ದಾಟಿ ಬೆಳೀತೈತಿ, ಆಮ್ಯಾಲ ಮಂದಿ ಅದನ್ನ ಕೆರಿಗೆ ಬಿಡ್ತಾರ, ನಮ್ಮ ದೇಶದ ಎಷ್ಟೋ ಕೆರಿ ಹೊಳ್ಯಾಗ ಅದು ಊರಿ ಅಲ್ಲಿನ ಮೀನಿಗೆ ಕಂಟಕ ಆಗೈತಿ.

ಬ್ಯಾಸಗಿ ಮತ್ತ ಕರೆಂಟ್

ವಿಜಯಪುರ ಬಾಗಲಕೋಟಿಯಾಗ ಹೊರಗ 40 ಡಿಗ್ರಿ ದಾಟಿದಾಗ ಟ್ಯಾಂಕಿನ ನೀರೂ 32-33ಕ್ಕ ಹೋಗ್ತೈತಿ. ನೀರು ಕಾದಂಗ ಅದರಾಗಿನ ಆಕ್ಸಿಜನ್ ಕಡಿಮಿ ಆಗ್ತೈತಿ, 20 ಡಿಗ್ರಿಗೆ ಲೀಟರಿಗೆ ಸುಮಾರು 9 ಮಿ.ಗ್ರಾಂ ಹಿಡಿಯೋ ನೀರು 30ಕ್ಕ ಏಳೂವರೆ ಹಿಡೀತೈತಿ. ಹೊಳಿ ಟ್ಯಾಂಕಿಗೆ ಇಲ್ಲೆ ಒಂದು ಅನುಕೂಲ ಐತಿ, ಸೆಳವು ನೀರಿನ ಮ್ಯಾಲ್ಮೈ ಅಲಗಾಡ್ಸತೈತಿ, ಗಾಳಿ ಸೇರ್ತೈತಿ. ಪಂಪಿನ ಬಾಯಿ ಬ್ಯಾಸಗ್ಯಾಗ ಸ್ವಲ್ಪ ಮ್ಯಾಲಕ್ಕ ತಿರುವ್ರಿ. ಕಂಪ್ಯೂಟರಿನ ಹಳೇ 12 ವೋಲ್ಟ್ ಫ್ಯಾನ್ ಎರಡು ಜಾಳಗಿ ಮ್ಯಾಲಿಂದ ನೀರಿಗೆ ಗಾಳಿ ಹೊಡಿಯೋಹಂಗ ಇಟ್ರ 2-3 ಡಿಗ್ರಿ ಇಳೀತೈತಿ, ನಮ್ಮ ಒಣ ಹವಾಕ್ಕ ಇದು ಚೊಲೊ ಕೆಲಸ ಮಾಡ್ತೈತಿ, ಮಣ್ಣಿನ ಗಡಗಿ ನೀರು ತಣ್ಣಗ ಆಗೋದೂ ಇದ ರೀತಿ. ಆದ್ರ ಆರಿಹೋದ ನೀರು ಉಪ್ಪು ಸುಣ್ಣ ಬಿಟ್ಟು ಹೋಗ್ತೈತಿ, ಅದರ ಬದಲಿಗೆ ಮತ್ತ ಬೋರ್ ನೀರು ಹಾಕಿದ್ರ ದಿನಾ ದಿನಾ ಗಡಸು ಏರತೈತಿ. ಆರಿದಷ್ಟಕ್ಕ ಆರ್‌ಓ ನೀರು, ವಾರಕ್ಕೊಮ್ಮೆ ನಾಲ್ಕನೇ ಒಂದು ಪಾಲು ಬದಲ್ ಮಾಡುವಾಗ ನಿಮ್ಮ ಯಾವಾಗಿನ ನೀರು. ಮಂಜುಗಡ್ಡಿ ಹಾಕಬ್ಯಾಡ್ರಿ, ಒಮ್ಮೆಲೆ ತಣ್ಣಗಾದ್ರ ಮೀನು ತಡಿಯೂದಿಲ್ಲ.

ಕರೆಂಟ್ ಹೋದ್ರ ಸೆಳವು ನಿಲ್ತೈತಿ, ಅವತ್ತ ತ್ರಾಸ. ಪಂಪ್ ತಿನ್ನೋದು 15-20 ವ್ಯಾಟ್, ಮನಿ ಇನ್ವರ್ಟರಿಗೆ ಜೋಡ್ಸರಿ, ಅದಿಲ್ಲಂದ್ರ ಬ್ಯಾಟರಿ ಏರ್‌ಪಂಪ್ ಒಂದು ಇಟ್ಕೋರಿ. ಮುಚ್ಚಿದ ಕ್ಯಾನಿಸ್ಟರ್ ಫಿಲ್ಟರ್ ಇದ್ದು ನಾಲ್ಕೈದು ತಾಸು ನಿಂತಿತ್ತಂದ್ರ ಹಂಗ ಸುರು ಮಾಡಬ್ಯಾಡ್ರಿ, ಒಳಗಿನ ಬ್ಯಾಕ್ಟೀರಿಯಾ ಉಸಿರಿಲ್ಲದ ಸತ್ತು ನೀರು ಹೊಲಸಾಗಿರ್ತೈತಿ, ಆ ನೀರು ಚೆಲ್ಲಿ ಸ್ಪಂಜು ಟ್ಯಾಂಕಿನ ನೀರಿನಾಗ ಅದ್ದಿ ತೊಳದು ಆಮ್ಯಾಲ ಹಚ್ರಿ.

ಆರು ತಿಂಗಳು ಆದಮ್ಯಾಲ ವ್ಯಾಲಿಸ್ನೇರಿಯಾ ಬಳ್ಳಿ ಬಿಟ್ಟು ಉಸುಕಿನ ತುಂಬ ಹಬ್ಬತೈತಿ, ಎಲಿ ನೀರಿನ ಮ್ಯಾಲ ಬಂದು ಬೆಳಕು ಮುಚ್ಚತೈತಿ. ಎಲಿ ತುದಿ ಕತ್ರಿಸಬ್ಯಾಡ್ರಿ, ಕತ್ರಿಸಿದಲ್ಲೆ ಕಂದಾಗ್ತೈತಿ, ಬೇಕಂದ್ರ ಇಡೀ ಎಲಿ ಬುಡಕ್ಕ ತಗೀರಿ, ಹೆಚ್ಚಾದ ಮರಿಗಿಡ ಬಳ್ಳಿ ಕತ್ರಿಸಿ ಬೇರು ಸಮೇತ ಕೀಳ್ರಿ. ನೀರು ಬರೋ ಕಡೆ ಬೆಳದ್ದು ಮೊದಲ ಕೀಳ್ರಿ, ಆ ಮಗ್ಗಲ ಬಯಲಿರಬೇಕು. ಕಿತ್ತದ್ದು ಹೊಸದಾಗಿ ಟ್ಯಾಂಕ್ ಕಟ್ಟೋರಿಗೆ ಒದ್ದಿ ಪೇಪರಿನಾಗ ಸುತ್ತಿ ಕೊಡ್ರಿ, ಯಾರೂ ಇಲ್ಲಂದ್ರ ಬಿಸಲಿಗೆ ಒಣಗಿಸಿ ತಿಪ್ಪಿಗೆ ಹಾಕ್ರಿ. ಹಳ್ಳಕ್ಕ, ಕೆರಿಗೆ ಒಂದ ಎಲಿನೂ ಹೋಗಬಾರ್ದು.